ಪಕ್ಕದ ಮನೆಯ ಕರ್ಟನ್ ಸರಿಯುವುದೇ ಇಲ್ಲ, ಒಳಗೊಬ್ಬ ಹುಡುಗನಿದ್ದಾನೆ

ಪ್ರಶ್ನೆ: ನಾವು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಭಾಗದ ಒಂದು ಊರಿನಲ್ಲಿದ್ದೇವೆ, ಮೂಲ ಶಿವಮೊಗ್ಗ ಕಡೆ. ನಮ್ಮದು ಜೋಡಿ ಮನೆ, ನಡುವೆ ಒಂದೇ ಗೋಡೆ. ಆಗಸ್ಟ್‌ನಲ್ಲಿ ಪಕ್ಕಕ್ಕೆ ಯಾರೋ ಬಾಡಿಗೆಗೆ ಬಂದರು. ಅಂದಿನಿಂದ ಒಂದು ದಿನವೂ ಕರ್ಟನ್ ಸರಿದಿಲ್ಲ. ರಾತ್ರಿಯಿಡೀ ಫ್ಯಾನಿನ ಗುಂಯ್ ಸದ್ದು. ನಮ್ಮ ಹೀಟರ್ ಆರಿಸಿದ್ದರೂ ಮಲಗುವ ಕೋಣೆಯ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಭಾನುವಾರ ರಾತ್ರಿ ಒಂದು ವ್ಯಾನ್ ಬಂದು ಎರಡು ಚೀಲ ಸಾಮಾನು ಇಟ್ಟು ಹೋಗುತ್ತದೆ. ಮೊನ್ನೆ ಮಗನ ಚೆಂಡು ಬೇಲಿ ದಾಟಿ ಬಿತ್ತು. ಹಿತ್ತಲ ಬಾಗಿಲು ತೆಗೆದು ಒಬ್ಬ ಹುಡುಗ ಬಂದ. ವಿಯೆಟ್ನಾಂ ಕಡೆಯವನಿರಬೇಕು, ಹೆಚ್ಚೆಂದರೆ 15–16 ವರ್ಷ. ಆ ಚಳಿಯಲ್ಲಿ ಬನಿಯನ್ನು, ರಬ್ಬರ್ ಚಪ್ಪಲಿ. ಮೊಣಕೈ ಕೆಳಗೆ ಸುಟ್ಟ ಗಾಯ. ಚೆಂಡು ಎಸೆದು ನಕ್ಕು ಒಳಗೆ ಹೋಗಿಬಿಟ್ಟ. ಬಾಗಿಲಿಗೆ ಬೀಗ ಇದ್ದಂತೆ ಕಾಣಲಿಲ್ಲ. "ಊರ ಉಸಾಬರಿ ನಮಗ್ಯಾಕೆ, ಮುಂದಿನ ವರ್ಷ ಐಎಲ್‌ಆರ್ (ಇಲ್ಲೇ ಕಾಯಂ ನೆಲೆಸುವ ಅನುಮತಿ) ಅರ್ಜಿ ಹಾಕಬೇಕು" ಅನ್ನುತ್ತಾರೆ ನಮ್ಮ ಯಜಮಾನರು. ಬೀಗವೇ ಇಲ್ಲ ಅಂದಮೇಲೆ ಅವನು ಇಷ್ಟಪಟ್ಟೇ ಅಲ್ಲಿದ್ದಾನೆ ಅಲ್ಲವೇ? ಪೊಲೀಸರಿಗೆ ಹೇಳಿದರೆ ಜೈಲಿಗೆ ಹೋಗುವವನು ಅವನೇ ಅಲ್ಲವೇ? ಬೇಲಿ ಮೇಲಿಂದ ಊಟ, ನನ್ನ ಫೋನ್ ನಂಬರ್ ಕೊಡಲೇ?

ಉತ್ತರ: ಈ ಪತ್ರ ಕೈಸೇರಿದ ದಿನವೇ ಇವರಿಗೆ ನೇರ ಉತ್ತರ ಹೋಗಿದೆ. ಗುರುತು ಸಿಗದಂತೆ ವಿವರ ಬದಲಿಸಿ ಈಗ ಪ್ರಕಟಿಸುತ್ತಿರುವುದಕ್ಕೆ ಕಾರಣ, ಬ್ರಿಟನ್ನಿನಲ್ಲಿ ಇಂಥ ಗೋಡೆಯ ಪಕ್ಕದಲ್ಲಿ ಮಲಗುವ ಕನ್ನಡದವರು ಇವರೊಬ್ಬರೇ ಇರಲಾರರು.

ನಿಮ್ಮ ಆತಂಕದಲ್ಲಿ ಎರಡು ಎಳೆಗಳಿವೆ. ಸುಮ್ಮನಿದ್ದರೆ ಆ ಹುಡುಗನ ಗತಿ ಏನು ಎಂಬುದು ಒಂದು. ಬಾಯಿಬಿಟ್ಟರೆ ಅವನಿಗೂ ನಮಗೂ ಏನಾದೀತು ಎಂಬುದು ಇನ್ನೊಂದು. ಎರಡನೆಯದು ಹುಚ್ಚು ಭಯ ಅಂತ ತಳ್ಳಿಹಾಕುವ ಹಾಗಿಲ್ಲ. ಹಿಂದೆ ಇಂಥ ಮಕ್ಕಳನ್ನು ಜೈಲಿಗೆ ಹಾಕಿದ್ದು ನಿಜ, ಆ ವಿಷಯ ಮುಂದೆ ಬರುತ್ತದೆ.

ಮೊದಲು ಗೋಡೆ. ನೀವು ಬರೆದ ಲಕ್ಷಣಗಳೆಲ್ಲ ಗಾಂಜಾ ಬೆಳೆಯುವ ಮನೆಯವು. ಇಂಥ ಮನೆಯ ಒಂದೊಂದು ಕೋಣೆಯಲ್ಲೂ 600 ವ್ಯಾಟ್‌ನ ಹತ್ತಾರು ದೀಪ ತೂಗುಹಾಕಿರುತ್ತಾರೆ. ಹೂ ಬಿಡುವ ಹಂತದಲ್ಲಿ ಗಿಡಕ್ಕೆ 12 ತಾಸು ಬೆಳಕು, 12 ತಾಸು ಕತ್ತಲೆ ಬೇಕು. ಬೆಳಕು ಹೊರಗೆ ಕಾಣಬಾರದೆಂದು ಕಿಟಕಿ ಮುಚ್ಚುತ್ತಾರೆ. ಬಿಸಿಯನ್ನೂ ವಾಸನೆಯನ್ನೂ ಎಳೆದು ಹಾಕಲು ಫ್ಯಾನು. ಇಷ್ಟು ಕರೆಂಟಿನ ಬಿಲ್ ಬಂದರೆ ಸಿಕ್ಕಿಬೀಳುತ್ತಾರೆ ಅಂತ ಮೀಟರ್‌ಗೆ ಮೊದಲೇ ವೈರ್ ಕಡಿದು ಬೇರೆ ಎಳೆದಿರುತ್ತಾರೆ. ಆ ಕಳ್ಳ ವೈರಿಂಗ್‌ಗೆ ಫ್ಯೂಸ್ ರಕ್ಷಣೆಯೂ ಇರುವುದಿಲ್ಲ. ನೀರು, ಗೊಬ್ಬರದ ದ್ರಾವಣ, ಬಿಸಿ ದೀಪ, ಬರಿಗೈ ಎಲ್ಲ ಒಂದೇ ಕೋಣೆಯಲ್ಲಿ. ಸುಟ್ಟ ಗಾಯ ಆಗುವುದು ಅಲ್ಲೇ. ಜೋಡಿ ಮನೆಯಲ್ಲಿ ಬೆಂಕಿ ಬಿದ್ದರೆ ನಿಮ್ಮ ಕೋಣೆಗೂ ಬರುತ್ತದೆ. ಹಾಗಾಗಿ "ನಮಗ್ಯಾಕೆ" ಎಂಬ ಮಾತು ಲೆಕ್ಕಕ್ಕೂ ನಿಲ್ಲುವುದಿಲ್ಲ.

ನಿಮ್ಮ ಊಹೆ ತಪ್ಪೇ ಇರಬಹುದು. ಅದನ್ನು ಸಾಬೀತು ಮಾಡುವುದು ನಿಮ್ಮ ಕೆಲಸವಲ್ಲ. ಕಂಡದ್ದನ್ನು ಕಂಡಷ್ಟೇ ಹೇಳಿದರೆ ಸಾಕು.

ಇಂಥ ಮನೆಯಲ್ಲಿ ಗಿಡ ನೋಡಿಕೊಳ್ಳುವವನನ್ನು ಪೊಲೀಸರೂ ಗ್ಯಾಂಗಿನವರೂ 'ಗಾರ್ಡನರ್' ಅನ್ನುತ್ತಾರೆ. ಗಿಡಗಳ ನಡುವೆಯೇ ಒಂದು ಹಾಸಿಗೆ, ಮೈಕ್ರೋವೇವ್, ವಾರಕ್ಕೊಮ್ಮೆ ಬಾಗಿಲಿಗೆ ಬರುವ ದಿನಸಿ. ಒಂದು ಬೆಳೆಗೆ ಸುಮಾರು 3 ತಿಂಗಳು, ವರ್ಷಕ್ಕೆ 3–4 ಬೆಳೆ. ಬೆಳೆ ಕೊಯ್ದಾಗ ಹಣ ಹೋಗುವುದು ಬೇರೆಯವರಿಗೆ. ದಾಳಿಯಾದಾಗ ಮನೆಯೊಳಗೆ ಸಿಗುವವನು ಇವನೊಬ್ಬನೇ. ಅವನನ್ನು ಅಲ್ಲಿ ಇಟ್ಟಿರುವುದೇ ಅದಕ್ಕೆ.

ಇನ್ನು ಬೀಗದ ಪ್ರಶ್ನೆ. ಕೆಲವು ಮನೆಗಳಿಗೆ ಹೊರಗಿನಿಂದ ಬೀಗ ಹಾಕುತ್ತಾರೆ, ಹಲವಕ್ಕೆ ಹಾಕುವುದಿಲ್ಲ. ನಮ್ಮಲ್ಲಿ ಜೀತದಾಳಿನ ಸುತ್ತ ಯಾರೂ ಗೋಡೆ ಕಟ್ಟಿರಲಿಲ್ಲ, ಸಾಲದ ಪತ್ರ ಧಣಿಯ ಪೆಟ್ಟಿಗೆಯಲ್ಲಿತ್ತು, ಅಷ್ಟೇ. ಇಲ್ಲಿಯೂ ಅದೇ. ಮಧ್ಯ ವಿಯೆಟ್ನಾಂನ ಙೆ ಆನ್, ಹಾ ಟಿನ್ ಪ್ರಾಂತ್ಯಗಳಿಂದ ಬ್ರಿಟನ್ನಿಗೆ ಬರುವ ದಾರಿ ರಷ್ಯಾ, ಪೂರ್ವ ಯುರೋಪ್, ಜರ್ಮನಿ, ಫ್ರಾನ್ಸ್ ಅಂತ ತಿಂಗಳುಗಟ್ಟಲೆ ಸಾಗುತ್ತದೆ. ಅದರ ಖರ್ಚು 10,000 ಪೌಂಡ್‌ನಿಂದ 30,000 ಪೌಂಡ್‌ವರೆಗೂ ಹೋಗುತ್ತದೆ. ಅಲ್ಲಿ ಜಮೀನಿನ ಹಕ್ಕುಪತ್ರವನ್ನು 'ಕೆಂಪು ಪುಸ್ತಕ' ಅನ್ನುತ್ತಾರೆ. ಅಪ್ಪ ಅಮ್ಮ ಅದನ್ನೇ ಒತ್ತೆ ಇಟ್ಟಿರುತ್ತಾರೆ. ದಾರಿಯಲ್ಲಿ ಪೋಲೆಂಡಿನ ಗೋದಾಮಿನಲ್ಲೋ ಫ್ರಾನ್ಸಿನ ಕಾಡಿನ ಶಿಬಿರದಲ್ಲೋ ಕೂಡಿಹಾಕಿದ ದಿನಗಳಿಗೂ 'ಊಟದ ಖರ್ಚು' ಅಂತ ಬಾಕಿ ಏರಿಸುತ್ತಾರೆ. ಹುಡುಗ ಬಾಗಿಲು ತೆಗೆದು ಓಡಿದರೆ ಸಾಲ ಕೇಳಲು ಜನ ಹೋಗುವುದು ಅವನ ಅಮ್ಮನ ಮನೆಗೆ. ಓಡಿ ಹೋಗುವುದಾದರೂ ಎಲ್ಲಿಗೆ? ತಾನಿರುವ ಊರಿನ ಹೆಸರೂ ಅವನಿಗೆ ಗೊತ್ತಿರಲಾರದು.

2019ರ ಅಕ್ಟೋಬರ್ 23ರಂದು ಎಸೆಕ್ಸ್‌ನ ಗ್ರೇಸ್‌ನಲ್ಲಿ ಲಾರಿ ಕಂಟೇನರ್‌ನೊಳಗೆ 39 ವಿಯೆಟ್ನಾಮಿಯರು ಶವವಾಗಿ ಸಿಕ್ಕಿದ್ದು ನಿಮಗೆ ನೆನಪಿರಬಹುದು. ಅವರಲ್ಲಿ ಇಬ್ಬರು 15 ವರ್ಷದ ಹುಡುಗರು. ನಿಮ್ಮ ಪಕ್ಕದ ಮನೆಯ ಹುಡುಗ ಬಂದಿರುವುದು ಅಂಥದೇ ದಾರಿಯಲ್ಲಿ ಇರಬಹುದು.

"ಇಷ್ಟಪಟ್ಟೇ ಬಂದಿದ್ದಾನೆ" ಎಂಬ ವಾದಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ. ವಯಸ್ಕರ ವಿಷಯದಲ್ಲಿ ಮಾನವ ಕಳ್ಳಸಾಗಣೆ ಅನ್ನಬೇಕಾದರೆ ಮೂರು ಅಂಶ ಬೇಕು: ಸಾಗಿಸಿದ್ದು ಅಥವಾ ಇರಿಸಿಕೊಂಡದ್ದು, ಅದಕ್ಕೆ ಬಲವಂತ ಅಥವಾ ಮೋಸ, ಹಿಂದೆ ದುಡಿಸಿಕೊಳ್ಳುವ ಉದ್ದೇಶ. 18 ತುಂಬದವರಾದರೆ ನಡುವಿನ ಅಂಶ ಬೇಕಾಗಿಲ್ಲ. ವಿಶ್ವಸಂಸ್ಥೆಯ 2000ದ ಪಲೆರ್ಮೊ ಒಪ್ಪಂದ, ಕೌನ್ಸಿಲ್ ಆಫ್ ಯುರೋಪಿನ 2005ರ ಒಡಂಬಡಿಕೆ ಎರಡೂ ಹೀಗೇ ಹೇಳುತ್ತವೆ. ಹುಡುಗ ನಕ್ಕಿದ್ದ, ಫೋನ್ ಇತ್ತು, ಸಂಬಳ ಸಿಗುತ್ತದೆ ಅಂದಿದ್ದ ಎಂಬುದರಿಂದ ಏನೂ ಬದಲಾಗುವುದಿಲ್ಲ.

ಇದೆಲ್ಲ ಹೊರದೇಶದ ಮಕ್ಕಳ ಕಥೆ ಮಾತ್ರ ಎಂಬ ನಂಬಿಕೆಯೂ ತಪ್ಪು. 2023ರಲ್ಲಿ ಕಳ್ಳಸಾಗಣೆಗೆ, ಗುಲಾಮಗಿರಿಗೆ ಬಲಿಯಾದವರನ್ನು ಗುರುತಿಸುವ ಬ್ರಿಟನ್ನಿನ ರಾಷ್ಟ್ರೀಯ ರೆಫರಲ್ ವ್ಯವಸ್ಥೆಗೆ, ಅಂದರೆ ಎನ್‌ಆರ್‌ಎಂಗೆ, ಬಂದ 17,004 ಪ್ರಕರಣಗಳಲ್ಲಿ 7,432 ಮಕ್ಕಳವು. ಆ ಮಕ್ಕಳಲ್ಲಿ ಅತಿ ಹೆಚ್ಚಿನವರು ಬ್ರಿಟಿಷ್ ಮಕ್ಕಳೇ, ಅವರಲ್ಲಿ ಹಲವರು ಪಟ್ಟಣದಿಂದ ಪಟ್ಟಣಕ್ಕೆ ಡ್ರಗ್ಸ್ ಸಾಗಿಸಲು ಗ್ಯಾಂಗುಗಳು ಬಳಸುವ ಶಾಲಾ ಮಕ್ಕಳು.

ಈಗ ಜೈಲಿನ ಮಾತು. 2009ರಲ್ಲಿ ಕೇಂಬ್ರಿಜ್‌ನ ಒಂದು ಗಾಂಜಾ ಮನೆಯಲ್ಲಿ ಒಬ್ಬ, ಲಂಡನ್ನಿನ ಇನ್ನೊಂದರಲ್ಲಿ ಇನ್ನೊಬ್ಬ ವಿಯೆಟ್ನಾಮಿ ಹುಡುಗ ಸಿಕ್ಕರು. ಇಬ್ಬರನ್ನೂ ಅಪರಾಧಿಗಳಂತೆ ಕೋರ್ಟಿಗೆ ಹಾಜರುಪಡಿಸಿದರು. ಇಬ್ಬರೂ ತಪ್ಪೊಪ್ಪಿಕೊಂಡರು, ಬಂಧನದ ಶಿಕ್ಷೆ ಅನುಭವಿಸಿದರು. ಇವರು ಸಾಗಣೆಗೆ ಬಲಿಯಾದ ಮಕ್ಕಳು ಅಂತ ಸಂಬಂಧಪಟ್ಟ ಅಧಿಕಾರಿಗಳೇ ಆಮೇಲೆ ತೀರ್ಮಾನಿಸಿದರೂ ಅಪರಾಧಿಗಳು ಎಂಬ ತೀರ್ಪು ಉಳಿದುಕೊಂಡಿತು. ಕೊನೆಗೆ 2021ರ ಫೆಬ್ರವರಿ 16ರಂದು ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಬ್ರಿಟನ್ ತಪ್ಪು ಮಾಡಿದೆ ಎಂದಿತು. ಅನುಮಾನ ಬಂದ ಕೂಡಲೇ ಮಗುವನ್ನು ರಕ್ಷಿಸಬೇಕಿತ್ತು, ತರಬೇತಾದವರಿಂದ ಪರಿಶೀಲನೆ ಮಾಡಿಸದೆ ಮೊಕದ್ದಮೆ ನಡೆಸಬಾರದಿತ್ತು ಎಂಬುದು ತೀರ್ಪಿನ ತಿರುಳು. ಈ ಹುಡುಗರಿಗೆ ನ್ಯಾಯ ಸಿಗಲು 12 ವರ್ಷ ಬೇಕಾಯಿತು.

ಈ ನಡುವೆ ಆಧುನಿಕ ಗುಲಾಮಗಿರಿ ತಡೆಯುವ 2015ರ ಮಾಡರ್ನ್ ಸ್ಲೇವರಿ ಕಾಯ್ದೆ ಬಂದಿತ್ತು. ಇಂಗ್ಲೆಂಡ್, ವೇಲ್ಸ್‌ಗೆ ಅನ್ವಯಿಸುವ ಅದರ 45ನೇ ಸೆಕ್ಷನ್ ಪ್ರಕಾರ, 18ರೊಳಗಿನವರು ಸಾಗಣೆಗೆ ಬಲಿಯಾದ ನೇರ ಪರಿಣಾಮವಾಗಿ ಅಪರಾಧ ಮಾಡಿದ್ದರೆ, ಅದೇ ಪರಿಸ್ಥಿತಿಯಲ್ಲಿ ಅದೇ ವಯಸ್ಸಿನ ಇನ್ನೊಬ್ಬನೂ ಹಾಗೇ ಮಾಡುತ್ತಿದ್ದ ಅನ್ನುವಂತಿದ್ದರೆ, ತಪ್ಪಿತಸ್ಥರಾಗುವುದಿಲ್ಲ. ಬಲವಂತವಿತ್ತು ಅಂತ ತೋರಿಸಬೇಕಾಗಿಲ್ಲ. ಕೊಲೆ, ದರೋಡೆಯಂಥ ಘೋರ ಅಪರಾಧಗಳಿಗೆ ಈ ರಕ್ಷಣೆ ಇಲ್ಲ. ಗಾಂಜಾ ಬೆಳೆಸಿದ್ದಕ್ಕೆ ಇದೆ. 51ನೇ ಸೆಕ್ಷನ್ ಇನ್ನೊಂದು ಮುಖ್ಯ ಮಾತು ಹೇಳುತ್ತದೆ: ಬಲಿಪಶು ಇರಬಹುದು ಎಂಬ ಅನುಮಾನವಿದ್ದು, ವಯಸ್ಸು ಖಚಿತವಿಲ್ಲದೆ 18ರೊಳಗಿರಬಹುದು ಅನ್ನಿಸಿದರೆ, ಪರಿಶೀಲನೆ ಮುಗಿಯುವವರೆಗೆ ಮಗು ಎಂದೇ ನಡೆಸಿಕೊಳ್ಳಬೇಕು.

ಕಾಗದದ ಮೇಲೆ ಇಷ್ಟಿದ್ದರೂ ಎಡವಟ್ಟಾಗುವುದು ಠಾಣೆಯ ಮೊದಲ ರಾತ್ರಿಯಲ್ಲಿ. ಗ್ಯಾಂಗಿನವರು "ಸಿಕ್ಕಿಬಿದ್ದರೆ 20 ವರ್ಷ ಅನ್ನು, ನಾನೇ ಬಂದೆ ಅನ್ನು" ಅಂತ ಮೊದಲೇ ಪಾಠ ಹೇಳಿಕೊಟ್ಟಿರುತ್ತಾರೆ. ಹುಡುಗ ಗಿಳಿಯ ಹಾಗೆ ಒಪ್ಪಿಸುತ್ತಾನೆ. ವಿಯೆಟ್ನಾಮಿನ ಹಳೆಯ ಲೆಕ್ಕದಲ್ಲಿ ಹುಟ್ಟಿದಾಗಲೇ ಒಂದು ವರ್ಷ, ಹೊಸ ವರ್ಷದ ಟೆಟ್ ಹಬ್ಬಕ್ಕೆ ಇನ್ನೊಂದು. ಅಲ್ಲಿನ 17 ಇಲ್ಲಿನ ಹದಿನೈದೂವರೆ ಆಗಿರಬಹುದು. ಠಾಣೆಯ ಡ್ಯೂಟಿ ವಕೀಲರಿಗೆ 45ನೇ ಸೆಕ್ಷನ್ ಹೊಳೆಯದಿದ್ದರೆ "ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆ" ಎಂಬ ಸಲಹೆ ಬರುತ್ತದೆ. ದುಭಾಷಿಯೂ ಅದೇ ಊರಿನ ವಿಯೆಟ್ನಾಮಿ ಸಮುದಾಯದವನಾದರೆ ಹುಡುಗ ಬಾಯಿಯೇ ತೆರೆಯುವುದಿಲ್ಲ, ಮಾತು ಯಾರ ಕಿವಿಗೆ ಹೋಗುತ್ತದೋ ಎಂಬ ಭಯ. ಹೀಗೆ ಒಂದು ಮಗು ಮರುದಿನ ಬೆಳಿಗ್ಗೆಯ ದಾಖಲೆಯಲ್ಲಿ 'ವಯಸ್ಕ ಆರೋಪಿ'ಯಾಗಿರುತ್ತದೆ.

ನೀವು ಮಾಡಬಹುದಾದ ಅತಿ ದೊಡ್ಡ ಉಪಕಾರ ಇಲ್ಲೇ ಇದೆ. ಕರೆ ಮಾಡಿ "ಪಕ್ಕದ ಮನೆಯಲ್ಲಿ ಗಾಂಜಾ ಬೆಳೆಯುತ್ತಿದ್ದಾರೆ" ಅಂದರೆ ಅದು ಡ್ರಗ್ಸ್ ಕೇಸ್ ಆಗುತ್ತದೆ, ಬಾಗಿಲು ಒಡೆಯಲು ಬರುವವರ ಕಣ್ಣಿಗೆ ಒಳಗಿರುವವನು ಗಾರ್ಡನರ್. "ಪಕ್ಕದ ಮನೆಯಲ್ಲಿ ಒಂದು ಮಗುವಿದೆ, 15–16 ವರ್ಷ, ಒಂಟಿಯಾಗಿದೆ, ಕೈಯಲ್ಲಿ ಸುಟ್ಟ ಗಾಯವಿದೆ, ಶಾಲೆಗೆ ಹೋಗುತ್ತಿಲ್ಲ, ಚೈಲ್ಡ್ ಟ್ರಾಫಿಕಿಂಗ್ ಅನುಮಾನ" ಅಂತ ಮೊದಲ ವಾಕ್ಯದಲ್ಲೇ ಹೇಳಿದರೆ ಅದು ಮಕ್ಕಳ ರಕ್ಷಣೆಯ ಕೇಸ್ ಆಗುತ್ತದೆ. ಗಾಂಜಾ, ಫ್ಯಾನು, ಬೆಚ್ಚನೆ ಗೋಡೆ ಎರಡನೇ ವಾಕ್ಯಕ್ಕಿರಲಿ. "ಕಾಲ್ ದಾಖಲೆಯಲ್ಲಿ ಮಗು ಅಂತ ಬರೆದುಕೊಂಡಿರಾ?" ಅಂತ ಕೇಳಿ. ರೆಫರೆನ್ಸ್ ನಂಬರ್ ತೆಗೆದುಕೊಳ್ಳದೆ ಫೋನ್ ಇಡಬೇಡಿ.

ಯಾರಿಗೆ ಕರೆ ಎಂಬುದಕ್ಕೆ ಕೆಲವು ದಾರಿಗಳಿವೆ, ಎಲ್ಲ ಒಂದೇ ತೂಕದವಲ್ಲ.

ಕೂಗಾಟ ಕೇಳಿದರೆ, ಸುಟ್ಟ ವೈರಿನ ವಾಸನೆ ಬಂದರೆ, ಹುಡುಗನನ್ನು ವ್ಯಾನಿಗೆ ಹತ್ತಿಸುತ್ತಿರುವುದು ಕಂಡರೆ ಯೋಚಿಸಬೇಡಿ, ತುರ್ತು ನಂಬರ್ 999ಕ್ಕೆ ಕರೆ ಮಾಡಿ.

ಅಂಥ ತುರ್ತು ಇಲ್ಲವೆಂದರೆ ನಾನು ಮೊದಲು ಹೇಳುವುದು ಸ್ಥಳೀಯ ಆಡಳಿತವಾದ ನಿಮ್ಮ ಕೌನ್ಸಿಲ್‌ನ ಮಕ್ಕಳ ವಿಭಾಗವನ್ನೇ. ಅವರ ವೆಬ್‌ಸೈಟಿನಲ್ಲಿ ಮಕ್ಕಳ ಬಗೆಗಿನ ಕರೆಗಳನ್ನು ಮೊದಲು ಸ್ವೀಕರಿಸುವ ತಂಡ 'ಮ್ಯಾಶ್' ಅಥವಾ 'ಫ್ರಂಟ್ ಡೋರ್' ಎಂಬ ಹೆಸರಲ್ಲಿ ಇರುತ್ತದೆ, ಕಚೇರಿ ಮುಚ್ಚಿದ ಮೇಲೆ 'ಎಮರ್ಜೆನ್ಸಿ ಡ್ಯೂಟಿ ಟೀಮ್'. ಅವರು ಪೊಲೀಸರನ್ನು ಸೇರಿಸಿಕೊಂಡೇ ಯೋಜನೆ ಮಾಡಬೇಕು. ಬಾಗಿಲು ಒಡೆಯುವ ಮೊದಲೇ ದುಭಾಷಿ, ತಂಗುವ ಜಾಗ, ಸೋಶಿಯಲ್ ವರ್ಕರ್ ಸಿದ್ಧವಿರುವ ಸಾಧ್ಯತೆ ಹೆಚ್ಚುವುದು ಈ ದಾರಿಯಲ್ಲಿ. ಅಪಾಯವೆಂದರೆ ನಿಧಾನ. ಕೆಲಸದ ಹೊರೆ ಹೆಚ್ಚಿರುವ ಕಡೆ ಕರೆ ಒಂದೆರಡು ದಿನ ಕೊಳೆಯಬಹುದು. ಅದಕ್ಕೇ ಅದೇ ದಿನ 101ಕ್ಕೂ ಕರೆ ಮಾಡಿ ಪೊಲೀಸರಿಗೂ ಅದೇ ಮಾತು ಹೇಳಿ.

ಅಧಿಕಾರಿಗಳ ಜೊತೆ ನೇರ ಮಾತಾಡಲು ಮುಜುಗರವಾದರೆ ಮಕ್ಕಳ ರಕ್ಷಣೆಯ ಸಂಸ್ಥೆ ಎನ್‌ಎಸ್‌ಪಿಸಿಸಿಯ 0808 800 5000. ಮಕ್ಕಳ ಬಗ್ಗೆ ಆತಂಕವಿರುವ ದೊಡ್ಡವರಿಗಾಗಿಯೇ ಇರುವ ಸಹಾಯವಾಣಿ ಅದು, ಹೆಸರು ಹೇಳಲೇಬೇಕೆಂದಿಲ್ಲ. ಮಾಡರ್ನ್ ಸ್ಲೇವರಿ ಹೆಲ್ಪ್‌ಲೈನ್ 08000 121 700 ಕೂಡ ಇದೆ. ಹೆಸರು ಎಲ್ಲೂ ಬರಲೇಬಾರದು ಅನ್ನುವವರಿಗೆ ಕ್ರೈಮ್‌ಸ್ಟಾಪರ್ಸ್, 0800 555 111. ಆದರೆ ಅವರು ನಿಮಗೆ ಮರಳಿ ಕರೆ ಮಾಡಲಾರರು, ಬಿಟ್ಟುಹೋದ ವಿವರ ಕೇಳಲಾರರು. ಮಗುವಿನ ಮಾತು ಗಾಂಜಾದ ಮಾತಿನಲ್ಲಿ ಮುಳುಗಿಹೋಗುವುದೂ ಇಲ್ಲೇ ಹೆಚ್ಚು. ಏನೂ ಹೇಳದಿರುವುದಕ್ಕಿಂತ ಎಷ್ಟೋ ಮೇಲು ಅನ್ನಬಹುದು, ಅಷ್ಟೇ.

ಹೇಳಬೇಕಾದದ್ದನ್ನು ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವ್ಯಾನಿನ ನಂಬರ್, ಬಣ್ಣ, ಬರುವ ವಾರ, ಗಂಟೆ. ಹುಡುಗನನ್ನು ಕಂಡ ದಿನ, ಎತ್ತರ, ಬಟ್ಟೆ, ಗಾಯ ಯಾವ ಕೈಯಲ್ಲಿ. ಮನೆಗೆ ಎಷ್ಟು ಬಾಗಿಲು, ಹಿತ್ತಲಿನಿಂದ ಗಲ್ಲಿಗೆ ದಾರಿ ಇದೆಯೇ. ಡೋರ್‌ಬೆಲ್ ಕ್ಯಾಮೆರಾದಲ್ಲಿ ವ್ಯಾನ್ ತಾನಾಗಿ ದಾಖಲಾಗಿದ್ದರೆ ಅಳಿಸಬೇಡಿ, ಕೆಲವು ವಾರಗಳಲ್ಲಿ ಅದು ತಾನೇ ಅಳಿಸಿಹೋಗುತ್ತದೆ. ಬೇಲಿ ಹತ್ತಿ ಫೋಟೊ ತೆಗೆಯುವ ಸಾಹಸ ಬೇಡ. ಮುಖ್ಯವಾಗಿ, ಬೀದಿಯ ವಾಟ್ಸ್ಆ್ಯಪ್ ಗುಂಪಿಗಾಗಲಿ ಕನ್ನಡ ಬಳಗದ ಗುಂಪಿಗಾಗಲಿ ಒಂದು ಸಾಲೂ ಹಾಕಬೇಡಿ. ಗುಂಪಿನಲ್ಲಿ ಆ ಮನೆ ಬಾಡಿಗೆಗೆ ಕೊಟ್ಟವರೇ ಇರಬಹುದು. ಸುದ್ದಿ ತಲುಪಿದ ರಾತ್ರಿಯೇ ಹುಡುಗನನ್ನು ಇನ್ನೊಂದು ಊರಿಗೆ ಎತ್ತಿಹಾಕುತ್ತಾರೆ. ಗಾಂಜಾ ಮನೆ ದೋಚುವ ಎದುರಾಳಿ ಗ್ಯಾಂಗುಗಳಿಗೂ ಇಂಥ ಸುದ್ದಿಯೇ ಬೇಕು, ಅವರು ಮಚ್ಚು ಹಿಡಿದು ಬರುತ್ತಾರೆ.

ಊಟ, ಫೋನ್ ನಂಬರ್ ವಿಚಾರ. ನಿಮ್ಮ ಮನಸ್ಸು ಅರ್ಥವಾಗುತ್ತದೆ, ಆದರೂ ಬೇಡ. ಒಳಗೆ ಕ್ಯಾಮೆರಾ ಇಟ್ಟು ದೂರದಿಂದ ನೋಡುವುದು ಇಂಥ ಮನೆಗಳಲ್ಲಿ ಮಾಮೂಲು. ನಿಮ್ಮ ಡಬ್ಬಿಯೋ ಕೈಬರಹದ ಚೀಟಿಯೋ ಸಿಕ್ಕರೆ ಏಟು ತಿನ್ನುವವನು ಅವನು. "ನಿನ್ನನ್ನು ಬಿಡಿಸುತ್ತೇವೆ" ಅಂತ ಸನ್ನೆ ಮಾಡಿದರೂ ಸಾಲದ ಭಯಕ್ಕೆ ಅದನ್ನು ಅವನೇ ಗ್ಯಾಂಗಿಗೆ ಹೇಳಿಬಿಡುವುದುಂಟು. ಚೆಂಡು ಮತ್ತೆ ಆಚೆ ಬಿದ್ದರೆ ಮೊನ್ನೆಯ ಹಾಗೇ ತೆಗೆದುಕೊಳ್ಳಿ, ನಗಿ, ಅಷ್ಟೇ. ಆದರೆ ಅವನಾಗಿಯೇ ನಿಮ್ಮ ಬಾಗಿಲು ತಟ್ಟಿದರೆ ಒಳಗೆ ಕರೆದು, ಬಾಗಿಲು ಹಾಕಿ, 999 ಒತ್ತಿ.

ಯಜಮಾನರ ಚಿಂತೆಗೆ ಉತ್ತರ: ದೂರು ಕೊಟ್ಟವರ ಮೇಲೆ, ಬೇಕಾಗಿ ಬಂದರೆ ಸಾಕ್ಷಿ ಹೇಳಿದವರ ಮೇಲೆ, ಅಪರಾಧ ದಾಖಲೆ ಏನೂ ಹುಟ್ಟುವುದಿಲ್ಲ. ಐಎಲ್‌ಆರ್ ಅರ್ಜಿಯಲ್ಲಿ ಇದಕ್ಕೆ ಯಾವ ಕಾಲಂ ಕೂಡ ಇಲ್ಲ. ಇಂಗ್ಲೆಂಡಿನಲ್ಲಿ ಸಾಮಾನ್ಯ ನಾಗರಿಕರು ಇದನ್ನು ವರದಿ ಮಾಡಲೇಬೇಕೆಂಬ ಕಾನೂನೂ ಇಲ್ಲ, ಹಾಗಾಗಿ ಇಷ್ಟು ದಿನ ಸುಮ್ಮನಿದ್ದದ್ದು ತಪ್ಪಾಗುವುದಿಲ್ಲ. ಸೇಡಿನ ಭಯಕ್ಕೆ ಮಾತ್ರ ಪೂರ್ತಿ ಖಾತರಿ ಯಾರೂ ಕೊಡಲಾರರು. ಒಂದೇ ಗೋಡೆ ಹಂಚಿಕೊಂಡವರನ್ನು ಯಾರಾದರೂ ಊಹಿಸಬಹುದು. ಆದರೆ ಇಂಥ ಕೇಸು ನಿಲ್ಲುವುದು ಮನೆಯೊಳಗೆ ಸಿಕ್ಕ ಗಿಡ, ವೈರು, ಫೋನುಗಳ ಮೇಲೆ. ನೆರೆಯವರ ಸಾಕ್ಷಿ ಬೇಕಾಗುವುದು ಕಡಿಮೆ, ದಾಳಿಯಾದ ಮನೆಗೆ ಗ್ಯಾಂಗ್ ಮರಳುವುದೂ ಅಪರೂಪ. ಕರೆಯಲ್ಲಿ "ನಮ್ಮ ಮನೆಗೆ ಪೊಲೀಸ್ ವಾಹನ ತರಬೇಡಿ, ಫೋನಿನಲ್ಲೇ ಮಾತಾಡಿ" ಅಂತ ಕೇಳಿಕೊಳ್ಳಿ.

ಆಮೇಲೆ ಹುಡುಗನಿಗೆ ಏನಾಗುತ್ತದೆ? 1989ರ ಚಿಲ್ಡ್ರನ್ ಆ್ಯಕ್ಟ್‌ನ 46ನೇ ಸೆಕ್ಷನ್ನಿನಡಿ ಪೊಲೀಸರು ಮಗುವನ್ನು 72 ತಾಸುಗಳವರೆಗೆ ತಮ್ಮ ರಕ್ಷಣೆಗೆ ತೆಗೆದುಕೊಳ್ಳಬಹುದು. ಕೌನ್ಸಿಲ್ ವಿಚಾರಣೆ ನಡೆಸಿ ಸಾಕುಮನೆಯಲ್ಲೋ ಮಕ್ಕಳ ಮನೆಯಲ್ಲೋ ಇರಿಸುತ್ತದೆ. ಪೊಲೀಸ್ ಅಥವಾ ಕೌನ್ಸಿಲ್ ಎನ್‌ಆರ್‌ಎಂಗೆ ಬರೆಯಬೇಕು, ಮಕ್ಕಳಾದರೆ ಅವರ ಒಪ್ಪಿಗೆ ಕೇಳಬೇಕಾಗಿಲ್ಲ. 'ನಂಬಲು ಕಾರಣವಿದೆ' ಎಂಬ ಮೊದಲ ತೀರ್ಮಾನಕ್ಕೆ 5 ಕೆಲಸದ ದಿನಗಳ ಗುರಿ ಇದೆ. ಅಂತಿಮ ತೀರ್ಮಾನಕ್ಕೆ ವರ್ಷ ದಾಟುವುದು ಹೊಸತೇನಲ್ಲ.

ಕೈತಪ್ಪುವುದು ಈ ಮೊದಲ 72 ತಾಸುಗಳಲ್ಲೇ. ಬಾಯಿಪಾಠ ಮಾಡಿದ ಅಥವಾ ಬಟ್ಟೆಯಲ್ಲಿ ಹೊಲಿದಿಟ್ಟ ಒಂದು ನಂಬರಿಗೆ ಹುಡುಗ ಫೋನ್ ಮಾಡುತ್ತಾನೆ. ಆ ಕಡೆಯ 'ಚಿಕ್ಕಪ್ಪ' ಬೀದಿಯ ಮೂಲೆಗೆ ಕಾರು ಕಳಿಸುತ್ತಾನೆ. ಹುಡುಗ ಇನ್ನೊಂದು ಗಾಂಜಾ ಮನೆಗೋ ಉಗುರು ಸಿಂಗರಿಸುವ ನೇಲ್ ಬಾರ್‌ಗೋ ಸೇರುತ್ತಾನೆ, ಸಾಲ ಇನ್ನಷ್ಟು ಏರಿರುತ್ತದೆ. ನಿಗಾ ಇಲ್ಲದ ಜಾಗದಲ್ಲಿ ಇರಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನಲ್ಲೇ ಉದಾಹರಣೆಯಿದೆ: ಹೋಮ್ ಆಫೀಸ್, ಅಂದರೆ ಗೃಹ ಇಲಾಖೆ, ಆಶ್ರಯ ಕೋರಿ ಒಂಟಿಯಾಗಿ ಬಂದ ಮಕ್ಕಳನ್ನು ಹೋಟೆಲುಗಳಲ್ಲಿ ಇರಿಸಿತ್ತು, 2023ರ ಜನವರಿಯ ಹೊತ್ತಿಗೆ 200 ಮಕ್ಕಳ ಪತ್ತೆಯಿರಲಿಲ್ಲ. ಅದೇ ಜುಲೈನಲ್ಲಿ ಹೈಕೋರ್ಟ್ ಆ ಪದ್ಧತಿ ಕಾನೂನುಬಾಹಿರ ಎಂದಿತು. ಒಳ್ಳೆಯ ತಂಡಗಳು ಮಗುವನ್ನು ಬೇರೆ ಊರಿಗೆ ಕರೆದೊಯ್ಯುತ್ತವೆ, ಮೊದಲ ದಿನಗಳಲ್ಲಿ ಫೋನನ್ನು ತಾವಿಟ್ಟುಕೊಂಡು ಅಮ್ಮನ ಜೊತೆ ತಮ್ಮೆದುರೇ ಮಾತಾಡಿಸುತ್ತವೆ, ಬೆರಳಚ್ಚು ಮತ್ತು ಫೋಟೊ ಮೊದಲ ದಿನವೇ ತೆಗೆದಿಡುತ್ತವೆ. ಮಾಡರ್ನ್ ಸ್ಲೇವರಿ ಕಾಯ್ದೆಯ 48ನೇ ಸೆಕ್ಷನ್ನಿನಲ್ಲಿ ಇಂಥ ಮಕ್ಕಳಿಗೆ ಸ್ವತಂತ್ರ ಗಾರ್ಡಿಯನ್ ಒದಗಿಸುವ ಏರ್ಪಾಡೂ ಇದೆ. ಕೌನ್ಸಿಲ್, ಪೊಲೀಸ್, ವಕೀಲರು ಬದಲಾಗುತ್ತಲೇ ಇದ್ದರೂ ಬದಲಾಗದೆ ಉಳಿಯುವ ಒಂದು ಮುಖ ಅದು.

ಅವನನ್ನು ವಾಪಸ್ ಕಳಿಸುತ್ತಾರಾ ಎಂಬುದಕ್ಕೆ ಹೌದು, ಇಲ್ಲ ಎಂಬ ಒಂದು ಮಾತಿನ ಉತ್ತರವಿಲ್ಲ. 'ಬಲಿಪಶು' ಅಂತ ತೀರ್ಮಾನವಾದ ಮಾತ್ರಕ್ಕೆ ಇಲ್ಲಿ ಇರುವ ಹಕ್ಕು ಸಿಗುವುದಿಲ್ಲ. ಆಶ್ರಯದ ಅರ್ಜಿ ಬೇರೆ, ಅದಕ್ಕೆ ಬೇರೆಯೇ ವಕೀಲರು ಬೇಕು. ಮಗುವಾಗಿರುವಷ್ಟು ಕಾಲ ಊರಲ್ಲಿ ಸರಿಯಾದ ಆಸರೆಯಿಲ್ಲದೆ ಕಳಿಸುವಂತಿಲ್ಲ. ಕಷ್ಟ ಬರುವುದು 18 ತುಂಬುವಾಗ. ಅದಕ್ಕೇ ವಯಸ್ಸಿನ ದಾಖಲೆಯಲ್ಲಿ ಮೊದಲ ರಾತ್ರಿ ಆಗುವ ಒಂದು ವರ್ಷದ ತಪ್ಪಿಗೆ ಇಷ್ಟು ಬೆಲೆ. ನೀವು ಕರೆಯಲ್ಲಿ ಹೇಳುವ "15–16 ಕಾಣುತ್ತಾನೆ" ಎಂಬ ಮಾತು, ಯಾವ ಸ್ವಾರ್ಥವೂ ಇಲ್ಲದ ನೆರೆಯವರ ಮಾತಾಗಿ, ಆ ದಾಖಲೆಗೆ ಸೇರುತ್ತದೆ.

ಬ್ರಿಟನ್ನಿನ ಆಚೆ, ಐರೋಪ್ಯ ಒಕ್ಕೂಟದ ದೇಶಗಳಲ್ಲಿರುವ ಓದುಗರಿಗೆ: ತುರ್ತಿಗೆ 112, ಮಕ್ಕಳ ಸಹಾಯವಾಣಿ 116 111, ಕಾಣೆಯಾದ ಮಕ್ಕಳಿಗೆ 116 000.

ಕೊನೆಯದಾಗಿ, ಕರೆ ಮಾಡಿದ ಮರುದಿನವೇ ಪೊಲೀಸ್ ವ್ಯಾನ್ ಬರದಿದ್ದರೆ ಯಾರೂ ಕೇಳಿಸಿಕೊಳ್ಳಲಿಲ್ಲ ಅಂದುಕೊಳ್ಳಬೇಡಿ. ವಾರಂಟ್ ಬೇಕು, ಭಾನುವಾರದ ವ್ಯಾನಿಗಾಗಿ ಅವರು ಕಾಯುತ್ತಿರಲೂಬಹುದು. ಏನು ನಡೆಯುತ್ತಿದೆ ಅಂತ ನಿಮಗೆ ಹೇಳುವುದೂ ಇಲ್ಲ. ಹುಡುಗನಿಗೆ ಹೊಸ ಗಾಯ ಕಂಡರೆ, ಇನ್ನೊಂದು ಮಗು ಕಂಡರೆ, ಸಾಮಾನು ಸಾಗಿಸುವ ಸುಳಿವು ಕಂಡರೆ ಕಾಯದೆ ಕರೆ ಮಾಡಿ. ಯಾವುದೂ ಕಾಣದೆ ಒಂದು ವಾರ ಕಳೆದರೆ ಅದೇ ರೆಫರೆನ್ಸ್ ನಂಬರ್ ಹೇಳಿ ಕೌನ್ಸಿಲ್‌ನ ಮಕ್ಕಳ ವಿಭಾಗಕ್ಕೆ ಮತ್ತೆ ಕರೆ ಮಾಡಿ, ಡ್ಯೂಟಿ ಮ್ಯಾನೇಜರ್‌ಗೆ ಕೊಡಿ ಅನ್ನಿ.